ಹಡಗಿನ ಬಿಲ್ಲನ್ನು ಮಂಡಿ ಪಟ್ಟಿಯ ಹಾಗೆ ಓದಿದ್ದು

ಗಿರಾಕಿಗಳನ್ನು ಕರೆದುಕೊಂಡು ಮೂರನೇ ಕ್ರೂಸ್ ಬ್ಯಾಚ್, ಅಂದರೆ ಹಡಗಿನ ಪ್ರವಾಸ, ಮುಗಿಸಿ ಬಂದಿದ್ದೇನೆ. ಹದಿನಾಲ್ಕು ಕ್ಯಾಬಿನ್, ಮೂವತ್ತೊಂದು ಜನ. ಒಬ್ಬರ ಕಾರ್ಡಿಗೂ ಹಡಗಿನವರು ಒಂದು ಡಾಲರ್ ಜಾಸ್ತಿ ಎಳೆದಿಲ್ಲ. ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ನಮ್ಮ ಟೂರ್ ಲೈನಿನವರು ಕೆಲವರು ಇದನ್ನು ಇವತ್ತಿಗೂ ನಂಬುವುದಿಲ್ಲ. "ಸುಮ್ನೆ ಬಿಡೋ ಮಾರಾಯ, ಹಡಗಲ್ಲಿ ತಪ್ಪು ಬಿಲ್ಲು ಬಂದ್ರೆ ಬಂತು, ದುಡ್ಡು ಹೋದ್ರೆ ಹೋಯ್ತು" ಎಂದು ನನಗೆ ಬುದ್ಧಿ ಹೇಳಿದವರೇ ಅವರು. ಅದಕ್ಕೇ ಬರೆಯುತ್ತಿದ್ದೇನೆ. ಲೆಕ್ಕಗಳನ್ನು ನೆನಪಿನಿಂದ ಹೇಳುತ್ತಿದ್ದೇನೆ, ನೂರು ಇನ್ನೂರು ಆಚೀಚೆ ಆದರೆ ಹೊಂದಿಸಿಕೊಳ್ಳಿ.

ನಾನು ಕಾಶಿ, ರಾಮೇಶ್ವರಕ್ಕೆ ಬಸ್ಸು ಬಿಟ್ಟು ಬೆಳೆದವನು. ನಮ್ಮ ಸಾಗರ, ಹೊಸನಗರದ ಗಿರಾಕಿಗಳು ಅದುವರೆಗೆ ಹತ್ತಿದ ದೊಡ್ಡ ಹಡಗು ಅಂದರೆ ಶರಾವತಿ ಹಿನ್ನೀರು ದಾಟಿಸುತ್ತಿದ್ದ ಸಿಗಂದೂರು ಲಾಂಚು. 2025ರ ಜುಲೈನಲ್ಲಿ ಅಲ್ಲಿಗೂ ಸೇತುವೆ ಆಯಿತು. ಲಾಂಚಿನಲ್ಲಿ ಚಿಲ್ಲರೆ ಕೊಟ್ಟರೆ ಲೆಕ್ಕ ಅಲ್ಲಿಗೇ ಚುಕ್ತಾ. ಸಿಂಗಾಪುರದಲ್ಲಿ ಹತ್ತುವ ಹಡಗಿನ ಅಂಗಡಿ, ಬಾರಿನಲ್ಲಿ ನಗದಿಗೆ ಬೆಲೆಯೇ ಇಲ್ಲ. ಕ್ಯಾಬಿನ್ನಿನ ಬಾಗಿಲು ತೆಗೆಯುವ ಕಾರ್ಡೇ ದುಡ್ಡು. ಅದರ ಹಿಂದೆ ನಿಮ್ಮ ಬ್ಯಾಂಕಿನ ಕಾರ್ಡ್ ಕಟ್ಟಿಕೊಂಡಿರುತ್ತದೆ.

ಮೊದಲ ಬ್ಯಾಚು 2024ರ ಫೆಬ್ರುವರಿ, ಅಡಿಕೆ ಕೊಯ್ಲು ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತು. ಹನ್ನೊಂದು ಕ್ಯಾಬಿನ್, ನಾಲ್ಕು ರಾತ್ರಿ, ಪೆನಾಂಗ್ ಮತ್ತು ಫುಕೆಟ್. ಅರ್ಧ ಜನರ ಹತ್ತಿರ ಇದ್ದದ್ದು ಡೆಬಿಟ್ ಕಾರ್ಡ್. ನಾನೂ "ಕೊಡಿ ಪರವಾಗಿಲ್ಲ" ಅಂದೆ. ಹೊಸನಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪಿಂಚಣಿ ಖಾತೆಯ ಮೇಲೆ ಹಡಗಿನವರು ಮೊದಲ ದಿನವೇ ಹೋಲ್ಡ್ ಹಾಕಿದರು, ಅಂದರೆ ಬಿಲ್ಲಿಗೆ ಮೊದಲೇ ಒಂದಷ್ಟು ದುಡ್ಡು ತಡೆಹಿಡಿದರು, ಖರ್ಚು ಏರಿದಾಗ ಇನ್ನೊಂದು ಹೋಲ್ಡ್, ಕೊನೆಗೆ ನಿಜವಾದ ಬಿಲ್ಲು ಬೇರೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಹೋಲ್ಡ್ ತಿನ್ನುವುದು ಲಿಮಿಟ್ಟನ್ನು, ಡೆಬಿಟ್ಟಿನಲ್ಲಿ ಅದು ನಿಮ್ಮ ಸ್ವಂತ ದುಡ್ಡನ್ನೇ ಹಿಡಿದು ಕೂರುತ್ತದೆ. ಇಳಿದ ಮೇಲೆ ಸಿಂಗಾಪುರದ ಹೋಟೆಲಿನಲ್ಲಿ ಮೇಷ್ಟ್ರ ಕಾರ್ಡ್ ಉಜ್ಜಿದರೆ ಬ್ಯಾಲೆನ್ಸ್ ಇಲ್ಲ. ನಾನೇ ಕಟ್ಟಿದೆ. ಹೋಲ್ಡ್ ಬಿಟ್ಟದ್ದು ಹನ್ನೊಂದನೆಯದೋ ಹನ್ನೆರಡನೆಯದೋ ದಿನಕ್ಕೆ. ಅಷ್ಟೂ ದಿನ ಬೆಳಿಗ್ಗೆ ಏಳಕ್ಕೆ ಅವರ ಫೋನು: "ಬಂತಾ?"

ಅದೇ ಟ್ರಿಪ್ಪಿನಲ್ಲಿ ಇನ್ನೊಂದು ಜಾಣತನ ಮಾಡಿದ್ದೆ. ಕಾರ್ಡೇ ಇಲ್ಲದ ಆರು ಕ್ಯಾಬಿನ್ನುಗಳನ್ನು ನನ್ನ ಒಂದೇ ಕ್ರೆಡಿಟ್ ಕಾರ್ಡಿಗೆ ಕಟ್ಟಿದೆ. ಲಿಮಿಟ್ ಎರಡೂವರೆ ಲಕ್ಷ, ಅದರಲ್ಲಿ ವಿಮಾನದ ಟಿಕೆಟ್ಟು ಆಗಲೇ ಒಂದು ಲಕ್ಷ ತಿಂದಿತ್ತು. ಆಗ ತಲೆಗೆ ದಿನಕ್ಕೆ ಹದಿನೈದು-ಹದಿನಾರು ಡಾಲರ್ ಟಿಪ್ಸ್ ತಾನಾಗಿಯೇ ಬೀಳುತ್ತಿತ್ತು. ಅದೊಂದೇ ಆರು ಕ್ಯಾಬಿನ್ನಿಗೆ ಅರವತ್ತೈದು ಸಾವಿರದ ಹತ್ತಿರ. ಮೇಲೆ ಪ್ರತಿ ಕ್ಯಾಬಿನ್ನಿಗೂ ಬೇರೆ ಬೇರೆ ಹೋಲ್ಡ್. ಎರಡನೇ ರಾತ್ರಿ ಬ್ಯಾಂಕಿನವರಿಗೆ ಅನುಮಾನ ಬಂದು ಕಾರ್ಡ್ ಲಾಕ್. ಅವರು ಮೆಸೇಜು ಕಳಿಸಿದ್ದಾರೆ, ಫೋನೂ ಮಾಡಿದ್ದಾರೆ, ನನ್ನ ಮೊಬೈಲು ಏರೋಪ್ಲೇನ್ ಮೋಡಿನಲ್ಲಿದೆ. ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ಕಾಗದ. ಅಷ್ಟರಲ್ಲಿ ಆರು ಕ್ಯಾಬಿನ್ನಿನವರಿಗೂ ಎಕ್ಸ್‌ಟ್ರಾ ಕಾಫಿ ಬಂದ್. "ನಮ್ಮನ್ನ ಹಡಗಿನಿಂದ ಇಳಿಸ್ತಾರಾ?" ಎಂದು ತೀರ್ಥಹಳ್ಳಿಯ ಅತ್ತಿಗೆಯೊಬ್ಬರು ಕಣ್ಣಲ್ಲಿ ನೀರು ಹಾಕಿಕೊಂಡೇ ಕೇಳಿದರು. ಹಡಗಿನ ವೈಫೈಗೆ ದುಡ್ಡು ಸುರಿದು ಬ್ಯಾಂಕಿಗೆ ಕಾಲ್ ಹಿಡಿಯುವಷ್ಟರಲ್ಲಿ ಪೆನಾಂಗ್ ದಾಟಿ ಹೋಗಿತ್ತು. ಆ ಟ್ರಿಪ್ಪಿನ ಲಾಭ ಅಂತ ಉಳಿದದ್ದು ಒಂಬತ್ತು ಸಾವಿರ ಚಿಲ್ಲರೆ.

ಎರಡನೆಯದು ಅದೇ ವರ್ಷದ ದಸರಾ ರಜೆಯಲ್ಲಿ. ಈ ಸಲ ಬುಕ್ಕಿಂಗ್ ಮಾಡುವಾಗಲೇ ಟಿಪ್ಸ್ ಕಟ್ಟಿಬಿಟ್ಟಿದ್ದೆ. ಹಡಗಿನಿಂದ ಇಳಿದು ಊರಿಗೆ ಬಂದು ಎರಡೂವರೆ ವಾರದ ಮೇಲೆ ಎರಡು ಕ್ಯಾಬಿನ್ನಿಗೆ ಮತ್ತೆ ಅದೇ ಟಿಪ್ಸ್ ಬಿತ್ತು. 256 ಡಾಲರ್, ರೂಪಾಯಿಯಲ್ಲಿ 22,400ರ ಆಸುಪಾಸು. ಇಲ್ಲಿ ನಾನು ಮಾಡಿದ ತಪ್ಪನ್ನು ದಯವಿಟ್ಟು ನೀವು ಮಾಡಬೇಡಿ. ಸಿಟ್ಟಿನಲ್ಲಿ ಕಸ್ಟಮರ್ ಕೇರಿಗೆ ಫೋನ್ ಮಾಡಿ "ಈ ಟ್ರಾನ್ಸಾಕ್ಷನ್ ನಾನು ಮಾಡಿಲ್ಲ" ಅಂದೆ. ಅವರಿಗೆ ಅಷ್ಟೇ ಸಾಕು. ಕಾರ್ಡ್ ಬ್ಲಾಕ್, ಹೊಸ ಕಾರ್ಡ್, ಕೇಸನ್ನು ಮೋಸದ ಲೆಕ್ಕಕ್ಕೆ ಹಾಕಿದರು. ಮೂರು ವಾರ ಬಿಟ್ಟು ಉತ್ತರ ಬಂತು: ಕಾರ್ಡನ್ನು ನೀವೇ ಹಡಗಿಗೆ ಕೊಟ್ಟಿದ್ದೀರಿ, ಚಿಪ್ ಓದಿದೆ, ದೂರು ವಜಾ. ಅವರು ಹೇಳಿದ್ದೂ ಸುಳ್ಳಲ್ಲ.

ಮೋಸವೇ ಬೇರೆ, ತಪ್ಪು ಬಿಲ್ಲೇ ಬೇರೆ. ಯಾರೋ ನಿಮ್ಮ ಕಾರ್ಡ್ ಕದ್ದು ಬಳಸಿದ್ದರೆ ಆಗ ರಿಸರ್ವ್ ಬ್ಯಾಂಕಿನ 2017ರ ನಿಯಮ ಇತ್ತು: ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂದಾಗ, ಬ್ಯಾಂಕಿನ ತಿಳಿವಳಿಕೆ ಬಂದ ಮೂರು ಕೆಲಸದ ದಿನದೊಳಗೆ ಹೇಳಿದರೆ ನಿಮ್ಮ ಮೇಲೆ ಹೊರೆ ಇಲ್ಲ. ನನ್ನದು ಆ ಜಾತಿಯದ್ದಲ್ಲ. ಕೊಟ್ಟ ದುಡ್ಡನ್ನೇ ಎರಡನೇ ಸಲ ವಸೂಲು ಮಾಡಿದ ಕೇಸು. ಎರಡನೇ ಸಲ ಫೋನು ಮುಟ್ಟಲಿಲ್ಲ, ಬರೆದೇ ಕೊಟ್ಟೆ. "ವ್ಯವಹಾರ ನನ್ನದೇ, ಮೊತ್ತ ಆಗಲೇ ಪಾವತಿಯಾಗಿದೆ" ಅಂತ ಮೊದಲ ಸಾಲಿನಲ್ಲೇ ಹಾಕಿದೆ. ಟಿಪ್ಸ್ ಕಟ್ಟಿದ್ದನ್ನು ತೋರಿಸುವ ಬುಕ್ಕಿಂಗ್ ಪುಟ, ಹಡಗಿನ ಕೊನೆಯ ಬಿಲ್ಲು, ಹಡಗಿನವರಿಗೆ ನಾನು ಕಳಿಸಿ ಉತ್ತರ ಬಾರದ ಎರಡು ಇಮೇಲು, ಇಷ್ಟು ಲಗತ್ತು. ತಪ್ಪು ಬಿಲ್ಲಿನ ದೂರಿಗೆ 30 ದಿನದೊಳಗೆ ದಾಖಲೆ ಸಮೇತ ವಿವರಣೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ಲಿನ ಕ್ರೆಡಿಟ್ ಕಾರ್ಡ್ ನಿರ್ದೇಶನದಲ್ಲಿ ಬ್ಯಾಂಕುಗಳಿಗೆ ಹೇಳಿತ್ತು. ಅದನ್ನು ಕಾಗದದಲ್ಲಿ ವಿನಯದಿಂದ ನೆನಪಿಸಿದೆ. ಆಗದಿದ್ದರೆ ಬ್ಯಾಂಕಿನ ಮೇಲಿನ ದೂರು ಕೇಳುವ ಓಂಬುಡ್ಸ್‌ಮನ್ ಬಾಗಿಲು ತಟ್ಟುತ್ತೇನೆ ಅಂತಲೂ ಸೇರಿಸಿದೆ. ತಟ್ಟುವ ಪ್ರಮೇಯ ಬರಲಿಲ್ಲ, ಆರು ವಾರಕ್ಕೆ ದುಡ್ಡು ಬಂತು. ಬಂದದ್ದು ಮಾತ್ರ 21,300 ಚಿಲ್ಲರೆ. ಹೋಗುವಾಗ ಮೂರೂವರೆ ಪರ್ಸೆಂಟ್ ಮಾರ್ಕಪ್ಪು (ವಿದೇಶಿ ದುಡ್ಡಿನ ಖರ್ಚಿಗೆ ಬ್ಯಾಂಕು ಹಾಕುವ ಶುಲ್ಕ), ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಹಾಕಿದ್ದರು, ಬರುವಾಗ ಅದು ಬರಲಿಲ್ಲ, ಡಾಲರಿನ ರೇಟೂ ಬೇರೆ. ಗೆದ್ದರೂ ಸಾವಿರ ರೂಪಾಯಿ ನೀರಿಗೆ.

ಆ ಸಾವಿರ ರೂಪಾಯಿ ನನ್ನನ್ನು ಎಷ್ಟೋ ರಾತ್ರಿ ಎಬ್ಬಿಸಿತು. ತಪ್ಪನ್ನು ಹಡಗಿನೊಳಗೇ, ಡಾಲರು ಡಾಲರಾಗಿ ಇರುವಾಗಲೇ ಅಳಿಸಿದ್ದರೆ ಮಾರ್ಕಪ್ಪೂ ಇಲ್ಲ, ಬ್ಯಾಂಕೂ ಇಲ್ಲ. ನಮ್ಮ ಅಪ್ಪ ಮಂಡಿಯಿಂದ ಅಡಿಕೆ ಮಾರಿದ ಲೆಕ್ಕದ ಪಟ್ಟಿ ಬಂದ ದಿನ ರಾತ್ರಿ ಊಟಕ್ಕೆ ಮೊದಲು ಅದನ್ನು ಬಿಡಿಸಿಕೊಂಡು ಕೂರುತ್ತಿದ್ದರು. ಎಷ್ಟು ಚೀಲ, ತೂಕ ಎಷ್ಟು, ರಾಶಿ ಅಡಿಕೆಗೆ ಎಷ್ಟು, ಬೆಟ್ಟೆ ಅಡಿಕೆಗೆ ಎಷ್ಟು, ಹಮಾಲಿ ಎಷ್ಟು ಮುರಿದರು. ವರ್ಷದ ಕೊನೆಗೆ ನೋಡೋಣ ಅಂತ ಯಾವತ್ತೂ ಇಟ್ಟುಕೊಂಡವರಲ್ಲ. ನಾನು ಮೂರನೇ ಟ್ರಿಪ್ಪಿಗೆ ಮಾಡಿದ್ದು ಅದನ್ನೇ. ಒಂದು ಉದ್ದ ನೋಟು ಪುಸ್ತಕ, ಐದು ಕಾಲಮ್ಮು.

ಅದಕ್ಕೆ ಮೊದಲು ಅಡ್ಡದಾರಿಯ ಪ್ರಯೋಗಗಳ ಮಾತು. ಪೆನಾಂಗಿನಲ್ಲಿ ಒಂದೇ ಅಂಗಡಿಯಲ್ಲಿ ಒಂದೇ ಥರದ ಎರಡು ಟೋಪಿ ಕೊಂಡೆ, ಒಂದೇ ಕಾರ್ಡು. ಮಷೀನು ರೂಪಾಯಿಯಲ್ಲೋ ಮಲೇಷ್ಯಾದ ರಿಂಗಿಟ್ಟಿನಲ್ಲೋ ಎಂದು ಕೇಳಿದಾಗ ಒಂದಕ್ಕೆ ರೂಪಾಯಿ ಒತ್ತಿದೆ, ಇನ್ನೊಂದಕ್ಕೆ ರಿಂಗಿಟ್. ರೂಪಾಯಿಯ ಟೋಪಿ ಐದಾರು ಪರ್ಸೆಂಟ್ ದುಬಾರಿ ಬಿತ್ತು. ನಮ್ಮ ದುಡ್ಡು ಕಂಡು ಖುಷಿಪಟ್ಟು ರೂಪಾಯಿ ಒತ್ತುವವರೇ ಜಾಸ್ತಿ. ಆ ಟೋಪಿ ಈಗ ನಮ್ಮ ಆಫೀಸಿನಲ್ಲಿ ನೇತಾಡುತ್ತಿದೆ. ಮೊದಲೇ ವಿದೇಶಿ ದುಡ್ಡು ತುಂಬಿಸಿಟ್ಟ ಫಾರೆಕ್ಸ್ ಕಾರ್ಡನ್ನೂ ಹಡಗಿಗೆ ಕಟ್ಟಿ ನೋಡಿದೆ, ಹೋಲ್ಡಿನ ಗೋಳು ಡೆಬಿಟ್ಟಿನದ್ದೇ. ಮೂರು ಕ್ಯಾಬಿನ್ನಿಗೆ ಡಾಲರ್ ನಗದು ಡಿಪಾಸಿಟ್ ಇಟ್ಟೆ. ಇದು ಪರವಾಗಿಲ್ಲ, ಕಾರ್ಡ್ ತೊಂದರೆಯೇ ಇಲ್ಲ, ಆದರೆ ಉಳಿಕೆ ವಾಪಸು ಪಡೆಯಲು ಕೊನೆಯ ರಾತ್ರಿ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತೆವು. ವಯಸ್ಸಾದವರು ಇಬ್ಬರೇ ಹೋಗುವುದಾದರೆ ಈಗಲೂ ನಾನು ಇದನ್ನೇ ಹೇಳುತ್ತೇನೆ. ಮೊಬೈಲಿನ ಕಥೆ ಚುಟುಕು: ಸಮುದ್ರದ ನಡುವೆ ಹಡಗಿನ ನೆಟ್‌ವರ್ಕಿಗೆ ಫೋನ್ ಅಂಟಿಕೊಂಡರೆ ಸಾಮಾನ್ಯ ರೋಮಿಂಗ್ ಪ್ಯಾಕಿಗೆ ಅದು ಲೆಕ್ಕವಿಲ್ಲ. ಒಬ್ಬರಿಗೆ ನಾಲ್ಕು ಸಾವಿರ ಬಂತು.

ಮೂರನೆಯದು 2025ರ ಮಾರ್ಚ್. ಹೊರಡುವ ಹದಿನೈದು ದಿನ ಮೊದಲು ಎಲ್ಲರನ್ನೂ ಆಫೀಸಿಗೆ ಕರೆಸಿದೆ. 2020ರ ಅಕ್ಟೋಬರ್ ನಂತರ ಕೊಟ್ಟ ಕಾರ್ಡುಗಳಲ್ಲಿ ವಿದೇಶದ ಬಳಕೆ ನಾವೇ ಆನ್ ಮಾಡುವವರೆಗೆ ಆಫ್ ಇರುತ್ತದೆ. ಹನ್ನೆರಡು ಕಾರ್ಡಲ್ಲಿ ಏಳು ಆಫ್ ಇದ್ದವು. ಆನ್ ಮಾಡಿಸಿ, ದಿನದ ಮಿತಿ ಏರಿಸಿದೆವು. ಒಂದು ಕಾರ್ಡಿಗೆ ಎರಡು ಕ್ಯಾಬಿನ್, ಅದಕ್ಕಿಂತ ಹೆಚ್ಚಿಲ್ಲ. ಪ್ರತಿಯೊಬ್ಬರ ಹತ್ತಿರ ಬೇರೆ ಬ್ಯಾಂಕಿನ ಇನ್ನೊಂದು ಕಾರ್ಡು, ಅದನ್ನು ಹಡಗಿನಲ್ಲಿ ತೋರಿಸಲೂ ಕೂಡದು. ಮೊಮ್ಮಕ್ಕಳ ಕ್ಯಾಬಿನ್ ಕಾರ್ಡಿನ ಮೇಲೆ ಖರೀದಿ ಬಂದ್ ಮಾಡಿಸಿದೆ. ಯಾವ ಬ್ಯಾಂಕಿನ ಕಾರ್ಡು ಮುಂದೆ, ಯಾವುದು ಹಿಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಕಲಿಯಲು ನನಗೆ ಎರಡು ಟ್ರಿಪ್ಪಿನ ಲಾಭ ಹೋಗಿದೆ.

ಆಮೇಲೆ ಪುಸ್ತಕ. ಊಟದ ಹೊತ್ತಿಗೆ ಮೇಜಿನಿಂದ ಮೇಜಿಗೆ ಹೋಗಿ "ಇವತ್ತು ಏನು ತಗೊಂಡ್ರಿ ಅಣ್ಣ?" ಎಂದು ಕೇಳಿ ಬರೆದುಕೊಳ್ಳುವುದು. ರಾತ್ರಿ ಹತ್ತೂವರೆಗೆ, ಶೋ ನಡೆಯುತ್ತಿರುವಾಗ ಗೆಸ್ಟ್ ಸರ್ವಿಸ್ ಕೌಂಟರ್ ಖಾಲಿ ಇರುತ್ತದೆ. ಆಗ ಹೋಗಿ ಎಲ್ಲರ ಅಂದಂದಿನ ಬಿಲ್ಲು ಪ್ರಿಂಟ್ ಹಾಕಿಸುವುದು, ಸಾಲು ಸಾಲು ತಾಳೆ ನೋಡುವುದು. ಮೊದಲ ರಾತ್ರಿ ಕೌಂಟರಿನ ಹುಡುಗಿ ಮುಖ ಗಂಟಿಕ್ಕಿದಳು. ಎರಡನೇ ರಾತ್ರಿ ನಾನು ತೊಡೆದೇವು ಕಟ್ಟಿಕೊಂಡು ಹೋದೆ. ಕಾಗದದ ಹಾಗೆ ತೆಳ್ಳಗಿನ ಸಿಹಿಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕು, ಪ್ರಿಂಟರ್ ಆನ್ ಮಾಡಿದಳು.

ಮೊದಲ ರಾತ್ರಿಯೇ ಒಂದು ಕ್ಯಾಬಿನ್ನಿಗೆ ಮಿನಿಬಾರ್ 41 ಡಾಲರ್. ಸಾಗರದ ದಂಪತಿ, ಇಬ್ಬರೂ ಸೋಡಾ ಸಹ ಮುಟ್ಟುವವರಲ್ಲ. ಹೋಗಿ ನೋಡಿದರೆ ಫ್ರಿಜ್ಜಿನೊಳಗಿನ ಬಾಟಲಿಗಳನ್ನೆಲ್ಲ ತೆಗೆದು ಬಟ್ಟೆಯ ಕಪಾಟಿನಲ್ಲಿ ಶಿಸ್ತಾಗಿ ಜೋಡಿಸಿ, ಖಾಲಿ ಜಾಗದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಮತ್ತು ಇನ್ಸುಲಿನ್ ಇಟ್ಟಿದ್ದಾರೆ. ಫ್ರಿಜ್ಜು ಖಾಲಿ ಕಂಡವನು ಎಲ್ಲ ಕುಡಿದರು ಅಂತ ಬರೆದಿದ್ದಾನೆ. ಕಪಾಟು ತೆರೆದು ತೋರಿಸಿ ಅಳಿಸಿದೆವು. ಮರುದಿನವೇ ಹದಿನಾಲ್ಕೂ ಮಿನಿಬಾರ್ ಖಾಲಿ ಮಾಡಿಸಿ ಬೀಗ ಹಾಕಿಸಿದೆ. ಈಗ ಇದನ್ನು ಹತ್ತುವ ದಿನವೇ ಮಾಡಿಸುತ್ತೇನೆ.

ದೊಡ್ಡ ಜಗಳ ಮೂರನೇ ರಾತ್ರಿಯದು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರ ಬಿಲ್ಲಿನಲ್ಲಿ ಈಜುಕೊಳದ ಬಾರಿನಿಂದ ಎರಡು ಕಾಕ್‌ಟೇಲ್, ಸರ್ವಿಸ್ ಚಾರ್ಜ್ ಸೇರಿ 38 ಡಾಲರ್. ಚೀಟಿ ಇದೆ, ಸಹಿ ಇದೆ, ತೆಗೆಯಲು ಆಗುವುದಿಲ್ಲ ಎಂದರು. ಹಾಗಾದರೆ ಚೀಟಿ ತೋರಿಸಿ ಅಂದೆ. ತಂದರು. ಕ್ಯಾಬಿನ್ ನಂಬರ್ ಪೆನ್ನಿನಲ್ಲಿ ಬರೆದದ್ದು, ಕೆಳಗೆ ಬಳ್ಳಿ ಸುತ್ತಿದ ಹಾಗೆ ಇಂಗ್ಲಿಷ್ ಸಹಿ. ನಾನು ವಾದಕ್ಕೆ ಬಾಯಿ ತೆರೆಯುವ ಮೊದಲೇ ಅಜ್ಜಿ ಕೌಂಟರಿನ ಪೆನ್ನು ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಅವರದೇ ಪ್ಯಾಡಿನ ಮೇಲೆ ನಿಧಾನವಾಗಿ ಕನ್ನಡದಲ್ಲಿ ಹೆಸರು ಬರೆದರು. ಒತ್ತಕ್ಷರ ಬಂದಲ್ಲಿ ಪೆನ್ನು ಎತ್ತಿ, ಕೆಳಗೆ ಇಳಿಸಿ, ಸರಿಯಾಗಿ ಕೂರಿಸಿದರು. ಆಮೇಲೆ ಪಾಸ್‌ಪೋರ್ಟ್ ತೆರೆದು ಪಕ್ಕದಲ್ಲಿಟ್ಟರು. ಅಲ್ಲೂ ಅದೇ ಸಹಿ. "ಸೊಸೈಟಿಯಲ್ಲಿ ಐವತ್ತು ವರ್ಷದಿಂದ ಇದನ್ನೇ ಹಾಕ್ತಾ ಇದೀನಿ. ಆ ಗೀಚಿದ್ದು ಯಾರದ್ದು ಅಂತ ಕೇಳು ಅವಳನ್ನ" ಅಂದರು. ಕೇಳುವ ಅಗತ್ಯವೇ ಬೀಳಲಿಲ್ಲ. ಮ್ಯಾನೇಜರ್ ಬಂದು ಎರಡೂ ಸಹಿ ನೋಡಿ, ತಲೆಯಾಡಿಸಿ, ಎರಡು ನಿಮಿಷದಲ್ಲಿ ಅಳಿಸಿದ. ಅಂದಿನಿಂದ ಕನ್ನಡ ಬರೆಯಲು ಬರುವ ಎಲ್ಲರಿಗೂ ಹೇಳುತ್ತೇನೆ, ಪಾಸ್‌ಪೋರ್ಟಿನಲ್ಲೂ ಹಡಗಿನ ಚೀಟಿಯಲ್ಲೂ ಕನ್ನಡದಲ್ಲೇ ಸಹಿ ಹಾಕಿ.

ಒಟ್ಟು ಒಂಬತ್ತು ತಪ್ಪು ಸಿಕ್ಕಿದವು, ಸುಮಾರು 410 ಡಾಲರ್. ಎಲ್ಲ ಹಡಗಿನಲ್ಲೇ ಅಳಿಸಿ, ಅಳಿಸಿದ ಸಾಲು ಕಾಣುವಂತೆ ಬಿಲ್ಲನ್ನು ಮತ್ತೆ ಪ್ರಿಂಟ್ ಹಾಕಿಸಿಕೊಂಡೆ. ಬಾಯಿಮಾತಿನ "ಆಯ್ತು ಸರ್, ತೆಗೆದಿದೀವಿ" ಅನ್ನುವುದನ್ನು ನಾನು ನಂಬುವುದಿಲ್ಲ. ಕೊನೆಯ ಬೆಳಿಗ್ಗೆ ಕೌಂಟರಿನ ಮುಂದೆ ಇನ್ನೂರು ಜನ ಬಿಲ್ಲು ಹಿಡಿದು ಕೂಗಾಡುತ್ತಿದ್ದಾಗ ನಮ್ಮ ಮೂವತ್ತೊಂದು ಜನ ಇಡ್ಲಿ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಿದ್ದರು. ಲಾಭವೂ ಹೇಳಿಬಿಡುತ್ತೇನೆ, ಒಂದು ಲಕ್ಷದ ಮೇಲೆ.

ಮೊನ್ನೆ ದುರ್ಗಿಗುಡಿಯ ಸ್ನೇಹಿತರೊಬ್ಬರು ಫೋನ್ ಮಾಡಿದ್ದರು. "ಕಾರ್ಡ್ ಸಹವಾಸ ಬೇಡ" ಎಂದು ಮೊದಲು ನಕ್ಕವರೇ ಇವರು. ಅವರದೂ ಒಂದು ಬ್ಯಾಚ್ ಹೊರಟಿದೆಯಂತೆ, ನನ್ನ ಪುಸ್ತಕದ ಒಂದು ಹಾಳೆ ಫೋಟೋ ತೆಗೆದು ಕಳಿಸು ಅಂದರು. ಕಳಿಸಿದೆ. ಐದನೇ ಕಾಲಮ್ಮಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ತೆಗೆದೆ.