ಫೋನಿನ ಫೈಲ್ ನೋಡಲು ನಿಮ್ಮದೇ ಒಂದು ಆ್ಯಪ್

ಇ-ಖಾತಾ ಪಿಡಿಎಫ್ ಡೌನ್‌ಲೋಡ್ ಮಾಡಿದ್ದು ನೆನಪಿದೆ. ಬೆಸ್ಕಾಂ ಬಿಲ್ಲೂ ಇಳಿಸಿಕೊಂಡಿದ್ದೀರಿ. ಕೌಂಟರ್ ಮುಂದೆ ನಿಂತಾಗ ಮಾತ್ರ ಎರಡೂ ಸಿಗುವುದಿಲ್ಲ. ಒಂದು ಡೌನ್‌ಲೋಡ್ ಫೋಲ್ಡರಿನಲ್ಲಿದೆ, ಇನ್ನೊಂದು ವಾಟ್ಸ್ಆ್ಯಪ್‌ನ ಯಾವುದೋ ಮೂಲೆಯಲ್ಲಿ. ಫೋನಿನ ಜೊತೆ ಬಂದ ಫೈಲ್ ಆ್ಯಪ್ ತೆರೆದರೆ ‘ಇತ್ತೀಚಿನವು’, ‘ಚಿತ್ರಗಳು’, ‘ಜಾಗ ಖಾಲಿ ಮಾಡಿ’ ಅಂತ ನೂರೆಂಟು ಹೇಳುತ್ತದೆ. ನೆಟ್ಟಗೆ ಫೋಲ್ಡರ್ ತೋರಿಸು ಅಂದರೆ ಹಿಂದೆಮುಂದೆ ನೋಡುತ್ತದೆ.

ಕೋಡಿಂಗ್ ಕಲಿಯುವವರು ಮೊದಲ ಆ್ಯಪ್ ಅಂತ ಕ್ಯಾಲ್ಕುಲೇಟರನ್ನೋ ಕೆಲಸಗಳ ಪಟ್ಟಿಯನ್ನೋ ಮಾಡುತ್ತಾರೆ. ಅದರ ಬದಲು ಫೈಲ್ ಬ್ರೌಸರ್ ಮಾಡಿ ಅನ್ನುವುದು ನನ್ನ ಸಲಹೆ. ಪರದೆ ಒಂದೇ, ಬಟನ್ ನಾಲ್ಕೈದು. ಮುಗಿದ ಮೇಲೆ ದಿನಾ ಬಳಕೆಗೂ ಬರುತ್ತದೆ. ಒಂದು ವಿಷಯ ಮೊದಲೇ ತಿಳಿದಿರಲಿ: ಫೈಲ್‌ಗಳ ಪಟ್ಟಿ ತೋರಿಸುವುದು ಸುಲಭ, ಕಷ್ಟ ಇರುವುದು ಅನುಮತಿಯಲ್ಲಿ. ಫೋನ್ ‘ಆಗಲ್ಲ’ ಅಂದಾಗ ಆ್ಯಪ್ ಏನು ಮಾಡಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ.

ಬೇಕಾದ ಸಾಮಾನು

ಕಂಪ್ಯೂಟರಿನಲ್ಲಿ ಆಂಡ್ರಾಯ್ಡ್ ಸ್ಟುಡಿಯೋ ಬೇಕು, ಆಂಡ್ರಾಯ್ಡ್ ಆ್ಯಪ್ ಬರೆಯುವ ತಂತ್ರಾಂಶ ಅದು. ಗೂಗಲ್ ಅದನ್ನು ಉಚಿತವಾಗಿ ಕೊಡುತ್ತದೆ. 8 ಜಿಬಿ ರ‍್ಯಾಮ್ ಇದ್ದರೆ ಓಡುತ್ತದೆ. ಎಮ್ಯುಲೇಟರ್ (ಕಂಪ್ಯೂಟರಿನೊಳಗೇ ಓಡುವ ನಕಲಿ ಫೋನ್) ಕೂಡ ಬೇಕೆಂದರೆ 16 ಜಿಬಿ ಇದ್ದರೆ ಒಳ್ಳೆಯದು. ನಾವು ಎಮ್ಯುಲೇಟರ್ ಬಿಟ್ಟುಬಿಡೋಣ. ಅದರೊಳಗೆ ನೋಡಲು ಫೈಲೇ ಇರುವುದಿಲ್ಲ. ನಿಮ್ಮ ಫೋನಿನಲ್ಲಿ ವರ್ಷಗಳ ಕಸ ತುಂಬಿದೆ, ಪರೀಕ್ಷೆಗೆ ಅದೇ ಸರಿ. ಹಾಗಾಗಿ ಎಸ್.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಎಸ್‌ಎಸ್‌ಡಿ ಒಂದು ಇರಲಿ, ಇಲ್ಲದಿದ್ದರೆ ಪ್ರತಿ ಸಲ ಬಿಲ್ಡ್ ಆಗುವಷ್ಟರಲ್ಲಿ, ಅಂದರೆ ಕೋಡಿನಿಂದ ಆ್ಯಪ್ ತಯಾರಾಗುವಷ್ಟರಲ್ಲಿ, ಕಾಫಿ ತಣ್ಣಗಾಗುತ್ತದೆ.

ಕೇಬಲ್ ಬಗ್ಗೆ ಹುಷಾರು. ಅಗ್ಗದ ಕೆಲವು ಕೇಬಲ್‌ಗಳು ಚಾರ್ಜ್ ಮಾತ್ರ ಮಾಡುತ್ತವೆ, ಡೇಟಾ ಸಾಗಿಸುವುದಿಲ್ಲ. ಫೋನ್ ಚಾರ್ಜ್ ಆಗುತ್ತಿದ್ದರೂ ಸ್ಟುಡಿಯೋದಲ್ಲಿ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಬಿಲ್ಡ್ ನಂಬರ್’ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಆಗ ಸ್ಟುಡಿಯೋ ಕೇಬಲ್ ಮೂಲಕ ಫೋನಿಗೆ ಆ್ಯಪ್ ಹಾಕಬಹುದು.

ಸ್ಟುಡಿಯೋದಲ್ಲಿ ‘ಎಂಪ್ಟಿ ಆ್ಯಕ್ಟಿವಿಟಿ’ ಆರಿಸಿ. ಭಾಷೆ ಕೋಟ್ಲಿನ್, ಪರದೆ ಕಟ್ಟಲು ಜೆಟ್‌ಪ್ಯಾಕ್ ಕಂಪೋಸ್. ಕನಿಷ್ಠ ಆವೃತ್ತಿ ಕೇಳಿದಾಗ ಆಂಡ್ರಾಯ್ಡ್ 11, ಅಂದರೆ ಸ್ಟುಡಿಯೋದ ಲೆಕ್ಕದಲ್ಲಿ ಎಪಿಐ 30 ಕೊಡಿ. ಹಳೆಯ ಫೋನ್‌ಗಳು ಬಿಟ್ಟುಹೋಗುತ್ತವೆ, ನಿಜ. ಆದರೆ ಅನುಮತಿಯ ನಿಯಮ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ. ಎಲ್ಲಕ್ಕೂ ಬೇರೆ ಬೇರೆ ಕೋಡ್ ಬರೆಯಲು ಹೊರಟರೆ ಆ್ಯಪ್ ಮುಗಿಯುವುದೇ ಇಲ್ಲ.

ಕೋಡಿನ ಹೆಸರುಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಸ್ಟುಡಿಯೋದಲ್ಲಿ ಮೊದಲ ಮೂರ್ನಾಲ್ಕು ಅಕ್ಷರ ಇಂಗ್ಲಿಷಿನಲ್ಲಿ ಹೊಡೆದರೆ ಪೂರ್ತಿ ಹೆಸರು ತಾನೇ ಬರುತ್ತದೆ.

ಅನುಮತಿ: ಅಸಲು ಕೆಲಸ ಇಲ್ಲೇ

ಮೊದಲೆಲ್ಲ ಆ್ಯಪ್ ‘ಸ್ಟೋರೇಜ್ ಓದಲೇ?’ ಅಂತ ಕೇಳುತ್ತಿತ್ತು. ನೀವು ಹೂಂ ಅಂದರೆ ಫೋನಿನ ಮೆಮೊರಿ ಪೂರ್ತಿ ಅದರ ಕೈಗೆ ಬರುತ್ತಿತ್ತು. ಟಾರ್ಚ್ ಆ್ಯಪ್ ಕೂಡ ನಿಮ್ಮ ಫೋಟೋ ಓದಬಹುದಿತ್ತು. 2019ರ ಆಂಡ್ರಾಯ್ಡ್ 10ರಲ್ಲಿ ಗೂಗಲ್ ಇದಕ್ಕೆ ಕಡಿವಾಣ ಹಾಕಿತು, ಮರುವರ್ಷ 11ರಲ್ಲಿ ಬಿಗಿ ಮಾಡಿತು. ಈಗ ಪ್ರತಿ ಆ್ಯಪ್‌ಗೂ ತನ್ನ ಪಾಲಿನ ಜಾಗ ಮಾತ್ರ. ಬೇರೆಯದು ಬೇಕಾದರೆ ಎರಡು ದಾರಿ ಇವೆ.

ಒಂದು, ಬಳಕೆದಾರರೇ ಒಂದು ಫೋಲ್ಡರ್ ಆರಿಸಿ ಆ್ಯಪ್‌ಗೆ ಒಪ್ಪಿಸುವುದು. ಇದಕ್ಕೆ ‘ಓಪನ್ ಡಾಕ್ಯುಮೆಂಟ್ ಟ್ರೀ’ ಅನ್ನುವ ಇಂಟೆಂಟ್ (ಫೋನಿಗೋ ಬೇರೆ ಆ್ಯಪ್‌ಗೋ ಕಳಿಸುವ ಕೋರಿಕೆ) ಇದೆ. ಇದು ಮರ್ಯಾದಸ್ಥರ ದಾರಿ. ಆದರೆ ಆಂಡ್ರಾಯ್ಡ್ 11ರಿಂದ ಈಚೆಗೆ ಮೆಮೊರಿಯ ಬುಡವನ್ನೇ, ಅಂದರೆ ಎಲ್ಲಕ್ಕೂ ಮೇಲಿನ ಫೋಲ್ಡರನ್ನೇ, ಆರಿಸಲು ಬಿಡುವುದಿಲ್ಲ, ಡೌನ್‌ಲೋಡ್ ಫೋಲ್ಡರನ್ನೂ ಬಿಡುವುದಿಲ್ಲ. ಡೌನ್‌ಲೋಡ್ ಕಾಣದ ಫೈಲ್ ಬ್ರೌಸರ್ ತಗೊಂಡು ಏನು ಮಾಡೋದು ಅಲ್ವಾ?

ಇನ್ನೊಂದು, ‘ಮ್ಯಾನೇಜ್ ಎಕ್ಸ್‌ಟರ್ನಲ್ ಸ್ಟೋರೇಜ್’ ಅನುಮತಿ. ಸೆಟ್ಟಿಂಗ್ಸ್‌ನಲ್ಲಿ ಇದು ‘ಎಲ್ಲ ಫೈಲ್‌ಗಳಿಗೆ ಪ್ರವೇಶ’ ಎಂಬಂಥ ಹೆಸರಿನಲ್ಲಿ ಕಾಣುತ್ತದೆ. ನಮಗೆ ಬೇಕಾದದ್ದು ಇದೇ. ಮ್ಯಾನಿಫೆಸ್ಟ್ ಫೈಲಿನಲ್ಲಿ (ಆ್ಯಪ್ ತನಗೆ ಬೇಕಾದ ಅನುಮತಿಗಳನ್ನು ಹೇಳಿಕೊಳ್ಳುವ ಕಡತ) ಇದಕ್ಕೆ ಒಂದು ಸಾಲು ಸೇರಿಸಿ. ಆ್ಯಪ್ ಶುರುವಾದಾಗ ‘ಈಸ್ ಎಕ್ಸ್‌ಟರ್ನಲ್ ಸ್ಟೋರೇಜ್ ಮ್ಯಾನೇಜರ್’ ಅಂತ ಕೇಳಿ. ಇಲ್ಲ ಅಂದರೆ ಒಂದು ಬಟನ್ ತೋರಿಸಿ. ಒತ್ತಿದಾಗ ನಿಮ್ಮ ಆ್ಯಪ್‌ನದ್ದೇ ಸೆಟ್ಟಿಂಗ್ಸ್ ಪುಟ ತೆರೆಯಬೇಕು.

ಇದು ಕ್ಯಾಮೆರಾ ಅನುಮತಿಯ ಹಾಗೆ ಸಣ್ಣ ಡಬ್ಬಿಯಲ್ಲಿ ಬರುವುದಿಲ್ಲ. ಬಳಕೆದಾರರು ಆ್ಯಪ್ ಬಿಟ್ಟು ಸೆಟ್ಟಿಂಗ್ಸ್‌ಗೆ ಹೋಗಿ, ಸ್ವಿಚ್ ಒತ್ತಿ, ವಾಪಸ್ ಬರುತ್ತಾರೆ. ಹಾಗಾಗಿ ಆ್ಯಪ್ ಮತ್ತೆ ಪರದೆಗೆ ಬಂದಾಗ ಓಡುವ ‘ಆನ್ ರೆಸ್ಯೂಮ್’ನಲ್ಲಿ ಇನ್ನೊಮ್ಮೆ ಪರೀಕ್ಷಿಸಿ. ಇಲ್ಲದಿದ್ದರೆ ಅನುಮತಿ ಕೊಟ್ಟು ಬಂದವರಿಗೂ ಅದೇ ಬಟನ್ ಕಾಣುತ್ತಿರುತ್ತದೆ. ಬಟನ್ ಮೇಲೆ ‘ಯಾಕೆ ಬೇಕು’ ಅಂತ ಎರಡು ಸಾಲು ಕನ್ನಡದಲ್ಲಿ ಬರೆಯಿರಿ. ಅಷ್ಟು ದೊಡ್ಡ ಅನುಮತಿ ಸುಮ್ನೆ ಕೇಳಬಾರದು. ಇನ್ನೂ ಒಂದು: ಮ್ಯಾನಿಫೆಸ್ಟ್‌ನಲ್ಲಿ ಇಂಟರ್ನೆಟ್ ಅನುಮತಿ ಹಾಕಲೇಬೇಡಿ. ಎಲ್ಲ ಫೈಲ್ ಓದುವ ಆ್ಯಪ್‌ಗೆ ನೆಟ್ ಇಲ್ಲ ಅಂದರೆ ನಂಬಿಕೆ ತಾನಾಗೇ ಬರುತ್ತದೆ.

ಇಷ್ಟೆಲ್ಲ ಆದರೂ ‘ಆಂಡ್ರಾಯ್ಡ್’ ಫೋಲ್ಡರಿನೊಳಗಿನ ‘ಡೇಟಾ’ದಲ್ಲಿ ಬೇರೆ ಆ್ಯಪ್‌ಗಳು ಇಟ್ಟದ್ದು ನಿಮಗೆ ಸಿಗುವುದಿಲ್ಲ. ಅದು ದೋಷ ಅಲ್ಲ, ಬೇಕೆಂದೇ ಮುಚ್ಚಿದ ಬಾಗಿಲು. ಪಕ್ಕದ ‘ಮೀಡಿಯಾ’ ಫೋಲ್ಡರ್ ತೆರೆದಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಪಿಡಿಎಫ್‌ಗಳು ಅದರೊಳಗೇ, ‘ವಾಟ್ಸ್ಆ್ಯಪ್ ಡಾಕ್ಯುಮೆಂಟ್ಸ್’ ಎಂಬಲ್ಲಿ ಇರುತ್ತವೆ. ಅಲ್ಲಿಗೆ ಹೋಗಲು ಆರೇಳು ಸಲ ಒತ್ತಬೇಕು. ಮುಖಪುಟದಲ್ಲೇ ಒಂದು ಶಾರ್ಟ್‌ಕಟ್ ಇಟ್ಟುಬಿಡಿ.

ಪಟ್ಟಿ

ಫೋನಿನ ಮೆಮೊರಿಯ ಬುಡ ಸಾಮಾನ್ಯವಾಗಿ ‘ಸ್ಟೋರೇಜ್’, ಅದರೊಳಗೆ ‘ಎಮ್ಯುಲೇಟೆಡ್’, ಅದರೊಳಗೆ ‘0’. ಈ ದಾರಿಯನ್ನು ಕೋಡಿನಲ್ಲಿ ಕೈಯಾರೆ ಬರೆಯಬೇಡಿ, ‘ಗೆಟ್ ಎಕ್ಸ್‌ಟರ್ನಲ್ ಸ್ಟೋರೇಜ್ ಡೈರೆಕ್ಟರಿ’ ಕೇಳಿದರೆ ಕೊಡುತ್ತದೆ. ಮೆಮೊರಿ ಕಾರ್ಡ್ ಇದ್ದರೆ ‘ಸ್ಟೋರೇಜ್ ಮ್ಯಾನೇಜರ್’ ಅದರ ದಾರಿಯನ್ನೂ ಹೇಳುತ್ತದೆ.

ಆ ಫೋಲ್ಡರಿನ ಮೇಲೆ ‘ಲಿಸ್ಟ್‌ಫೈಲ್ಸ್’ ಕರೆದರೆ ಒಳಗಿರುವುದೆಲ್ಲ ಬರುತ್ತದೆ. ಅನುಮತಿ ಇಲ್ಲದ ಕಡೆ ಅದು ಖಾಲಿ ಪಟ್ಟಿ ಕೊಡುತ್ತದೆ ಅಂದುಕೊಳ್ಳಬೇಡಿ. ‘ನಲ್’ ಕೊಡಬಹುದು, ಅಂದರೆ ಪಟ್ಟಿಯೇ ಇಲ್ಲ. ಎರಡನ್ನೂ ಬೇರೆ ಬೇರೆಯಾಗಿ ತೋರಿಸಿ: ಒಂದಕ್ಕೆ ‘ಇಲ್ಲಿ ಏನೂ ಇಲ್ಲ’, ಇನ್ನೊಂದಕ್ಕೆ ‘ಇದನ್ನು ತೆರೆಯಲು ಫೋನ್ ಬಿಡುತ್ತಿಲ್ಲ’. ಎಷ್ಟೋ ಆ್ಯಪ್‌ಗಳು ಎರಡಕ್ಕೂ ಬಿಳಿ ಪರದೆ ತೋರಿಸುತ್ತವೆ. ಜನ ಫೈಲೇ ಹೋಯಿತು ಅಂತ ಗಾಬರಿಯಾಗುತ್ತಾರೆ.

ಮುಂದಿನದು ವೇಗ. ‘ಗುಡ್ ಮಾರ್ನಿಂಗ್’ ಚಿತ್ರಗಳು ತುಂಬಿದ ವಾಟ್ಸ್ಆ್ಯಪ್ ಫೋಲ್ಡರ್ ಒಂದನ್ನು ತೆರೆದು ನೋಡಿ. ಓದುವ ಕೆಲಸ ಪರದೆಯ ಥ್ರೆಡ್ಡಿನಲ್ಲೇ (ಪರದೆಯನ್ನು ನಡೆಸುವ ಕೆಲಸದ ಸಾಲಿನಲ್ಲೇ) ನಡೆದರೆ ಆ್ಯಪ್ ಗರಬಡಿದಂತೆ ನಿಲ್ಲುತ್ತದೆ. ಒತ್ತಿದ್ದಕ್ಕೆ 5 ಸೆಕೆಂಡು ಉತ್ತರ ಬರದಿದ್ದರೆ ‘ಆ್ಯಪ್ ಸ್ಪಂದಿಸುತ್ತಿಲ್ಲ’ ಅಂತ ಆಂಡ್ರಾಯ್ಡ್ ಹೇಳಿಬಿಡುತ್ತದೆ. ಅದಕ್ಕೇ ಓದುವುದನ್ನು ಕೋರೂಟೀನ್‌ಗೆ (ಹಿನ್ನೆಲೆಯಲ್ಲಿ ಕೆಲಸ ಮಾಡಿಸುವ ಕೋಟ್ಲಿನ್ ಸೌಲಭ್ಯ) ಕೊಟ್ಟು, ಫೈಲ್ ಕೆಲಸಕ್ಕೆಂದೇ ಇರುವ ‘ಡಿಸ್ಪ್ಯಾಚರ್ಸ್ ಐಒ’ ಮೇಲೆ ಓಡಿಸಿ.

ಅಷ್ಟೇ ಸಾಲದು. ಹೆಸರು, ಗಾತ್ರ, ದಿನಾಂಕ, ಫೋಲ್ಡರ್ ಹೌದೋ ಅಲ್ಲವೋ, ಇವನ್ನು ಪ್ರತಿ ಫೈಲಿಗೂ ಒಂದೇ ಸಲ ಕೇಳಿ ಒಂದು ಸಣ್ಣ ಡೇಟಾ ಕ್ಲಾಸಿನಲ್ಲಿ (ಮಾಹಿತಿ ತುಂಬಿಡುವ ಡಬ್ಬಿ) ಇಟ್ಟುಕೊಳ್ಳಿ. ಆಮೇಲೆ ಜೋಡಿಸಿ. ಜೋಡಿಸುವಾಗ ಪ್ರತಿ ಹೋಲಿಕೆಗೂ ‘ಇದು ಫೋಲ್ಡರಾ?’ ಅಂತ ಫೋನನ್ನೇ ಕೇಳುತ್ತಾ ಕೂತರೆ ಸಾವಿರ ಫೈಲಿಗೆ ಸಾವಿರಾರು ಸಲ ಡಿಸ್ಕಿಗೆ ಓಡಾಟ. ನಿಧಾನದ ಫೈಲ್ ಆ್ಯಪ್ ಕಂಡರೆ ನನಗೆ ಮೊದಲು ಅನುಮಾನ ಬರುವುದು ಇದರ ಮೇಲೇ.

ಪರದೆಗೆ ‘ಲೇಝಿ ಕಾಲಮ್’ ಬಳಸಿ. ಕಣ್ಣಿಗೆ ಬೀಳುವ ಸಾಲುಗಳನ್ನಷ್ಟೇ ಅದು ಕಟ್ಟುತ್ತದೆ. ಸಾಲಿನ ಎತ್ತರ 48 ಡಿಪಿಗಿಂತ (ಆಂಡ್ರಾಯ್ಡ್ ಪರದೆಯ ಅಳತೆ) ಕಡಿಮೆ ಬೇಡ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹತ್ತಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರ ಹೆಬ್ಬೆರಳಿನಲ್ಲಿ ಒತ್ತಲು ಆಗಬೇಕು.

ಗಾತ್ರ ತೋರಿಸಲು ‘ಫಾರ್ಮ್ಯಾಟರ್’ ಇದೆ. ಆಂಡ್ರಾಯ್ಡ್ 8ರಿಂದ ಅದು 1000 ಬೈಟ್‌ಗೆ ಒಂದು ಕೆಬಿ ಅಂತ ಲೆಕ್ಕ ಹಾಕುತ್ತದೆ, ವಿಂಡೋಸ್ 1024ಕ್ಕೆ. ಒಂದೇ ಫೈಲ್ ಎರಡು ಕಡೆ ಬೇರೆ ಗಾತ್ರ ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ.

ಕನ್ನಡ ಹೆಸರುಗಳ ಜೋಡಣೆ, ಹುಡುಕಾಟ

ಇದನ್ನು ಇಂಗ್ಲಿಷ್ ಪಾಠಗಳಲ್ಲಿ ಹೇಳಿಕೊಡುವುದು ಕಡಿಮೆ. ಸಾದಾ ಜೋಡಣೆಯಲ್ಲಿ ‘ಬಿಲ್ 10’ ಮೊದಲು ಬಂದು ‘ಬಿಲ್ 2’ ಆಮೇಲೆ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ‘ಕೊಲೇಟರ್’ ಹೆಸರಿನ ಕ್ಲಾಸ್ ಎರಡಿವೆ. ಜಾವಾದ್ದು ಬಿಟ್ಟು ಐಸಿಯು (ಯೂನಿಕೋಡ್‌ಗೆಂದೇ ಇರುವ ಕೋಡ್ ಸಂಗ್ರಹ) ಕಡೆಯದು ಆರಿಸಿ. ಕನ್ನಡ ಲೊಕೇಲ್ (ಭಾಷೆಯ ಆಯ್ಕೆ) ಕೊಟ್ಟು, ‘ನ್ಯೂಮೆರಿಕ್ ಕೊಲೇಷನ್’ ಆನ್ ಮಾಡಿದರೆ ಅಂಕಿಗಳು ಅಂಕಿಗಳ ಹಾಗೇ ನಿಲ್ಲುತ್ತವೆ.

ಹುಡುಕಾಟದಲ್ಲಿ ಇನ್ನೊಂದು ತರಲೆ. ‘ಕೋ’ ಅನ್ನುವುದನ್ನು ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ರೀತಿ ಬರೆಯಬಹುದು: ಓತ್ವದ ಒಂದೇ ಚಿಹ್ನೆಯಾಗಿ, ಇಲ್ಲವೇ ತುಂಡು ತುಂಡಾಗಿ. ಕಣ್ಣಿಗೆ ಎಲ್ಲ ಒಂದೇ, ಕೋಡಿಗೆ ಬೇರೆ ಬೇರೆ. ‘ನಾರ್ಮಲೈಸರ್’ ಬಳಸಿ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಚಿಹ್ನೆಯ ರೂಪಕ್ಕೆ, ತನ್ನಿ. ‘ಡೌನ್‌ಲೋಡ್’ ಬರೆಯುವಾಗ ಒತ್ತಕ್ಷರ ಬೀಳದಂತೆ ನಾವು ಹಾಕುವ ಕಾಣದ ಅಕ್ಷರ ಒಂದಿದೆ. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಹೋಲಿಸುವ ಮುಂಚೆ ಎರಡೂ ಕಡೆಯಿಂದ ಅದನ್ನು ತೆಗೆದುಬಿಡಿ. ಫೈಲಿನ ನಿಜವಾದ ಹೆಸರನ್ನು ಮಾತ್ರ ಮುಟ್ಟಬೇಡಿ.

ಒಳಗೆ, ಹೊರಗೆ

ಈಗ ಯಾವ ಫೋಲ್ಡರಿನಲ್ಲಿದ್ದೇವೆ ಅನ್ನುವುದನ್ನು ಒಂದು ಸ್ಟೇಟ್ (ಬದಲಾದರೆ ಪರದೆಯೂ ಬದಲಾಗುವ ಮೌಲ್ಯ) ಆಗಿ ಇಡಿ. ಫೋಲ್ಡರ್ ಒತ್ತಿದರೆ ಅದು ಬದಲಾಗುತ್ತದೆ, ಪಟ್ಟಿ ಹೊಸದಾಗಿ ಓದಿಕೊಳ್ಳುತ್ತದೆ. ‘ರಿಮೆಂಬರ್ ಸೇವಬಲ್’ ಬಳಸಿದರೆ ಫೋನ್ ಅಡ್ಡ ತಿರುಗಿಸಿದಾಗಲೂ ಇದ್ದಲ್ಲೇ ಇರುತ್ತದೆ. ‘ಬ್ಯಾಕ್‌ಹ್ಯಾಂಡ್ಲರ್’ನಲ್ಲಿ, ಬ್ಯಾಕ್ ಒತ್ತಿದಾಗ ಮೇಲಿನ ಫೋಲ್ಡರಿಗೆ ಹೋಗುವಂತೆ ಮಾಡಿ, ಬುಡದಲ್ಲಿದ್ದಾಗ ಮಾತ್ರ ಆ್ಯಪ್ ಮುಚ್ಚಲಿ.

ಫೈಲ್ ತೆರೆಯುವುದು

ಪಿಡಿಎಫ್ ಒತ್ತಿದಾಗ ಅದನ್ನು ತೆರೆಯುವುದು ನಮ್ಮ ಆ್ಯಪ್ ಅಲ್ಲ, ಪಿಡಿಎಫ್ ಓದುವ ಬೇರೆ ಆ್ಯಪ್. 2016ರ ಆಂಡ್ರಾಯ್ಡ್ 7ರಿಂದ ಫೈಲಿನ ದಾರಿಯನ್ನು ನೇರವಾಗಿ ಇನ್ನೊಂದು ಆ್ಯಪ್‌ಗೆ ಕೊಡುವಂತಿಲ್ಲ, ಕೊಟ್ಟರೆ ಆ್ಯಪ್ ಕ್ರ್ಯಾಶ್ ಆಗುತ್ತದೆ. ‘ಫೈಲ್‌ಪ್ರೊವೈಡರ್’ ಮೂಲಕ ಹೋಗಬೇಕು. ಅಪಾರ್ಟ್‌ಮೆಂಟಿಗೆ ಬಂದವರಿಗೆ ಗೇಟಿನಲ್ಲಿ ಒಂದೇ ಮನೆಗೆ ಪಾಸ್ ಕೊಡುತ್ತಾರಲ್ಲ, ಹಾಗೆ ಆ ಒಂದು ಫೈಲಿಗೆ ಮಾತ್ರ ಅದು ಪ್ರವೇಶ ಕೊಡುತ್ತದೆ. ಇಂಟೆಂಟ್‌ಗೆ ಓದುವ ಅನುಮತಿಯ ಫ್ಲ್ಯಾಗ್ (ಗುರುತು) ಸೇರಿಸುವುದು ಮರೆತರೆ ಎದುರಿನ ಆ್ಯಪ್ ತೆರೆದುಕೊಂಡರೂ ಫೈಲ್ ಕಾಣುವುದಿಲ್ಲ.

ಫೈಲಿನ ಬಗೆಯನ್ನು ಎಕ್ಸ್‌ಟೆನ್ಷನ್ (ಹೆಸರಿನ ಕೊನೆಯ ಚುಕ್ಕಿಯ ನಂತರದ ಭಾಗ) ನೋಡಿ ‘ಮೈಮ್‌ಟೈಪ್‌ಮ್ಯಾಪ್’ ಹೇಳುತ್ತದೆ. ಎಕ್ಸ್‌ಟೆನ್ಷನ್ ದೊಡ್ಡಕ್ಷರದಲ್ಲಿದ್ದರೆ ಸಣ್ಣಕ್ಷರಕ್ಕೆ ತಿರುಗಿಸಿ ಕೇಳಿ. ತೆರೆಯುವ ಆ್ಯಪ್ ಯಾವುದೂ ಇಲ್ಲದಿದ್ದರೆ ‘ಆ್ಯಕ್ಟಿವಿಟಿ ನಾಟ್ ಫೌಂಡ್’ ಎರರ್ ಬರುತ್ತದೆ. ಅದನ್ನು ಹಿಡಿದು ಒಂದು ಸಾಲು ತೋರಿಸಿ. ಇನ್ನು, ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ನಿಮ್ಮ ಆ್ಯಪ್‌ನ ತಪ್ಪಲ್ಲ. ಆ ಅಕ್ಷರಗಳು ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ಲದ ಕಡೆ ಹಾಗೇ ಕಾಣುತ್ತವೆ.

ಅಳಿಸುವ ಬಟನ್ ಕೊನೆಗೆ

ನೋಡುವುದು, ಹುಡುಕುವುದು, ತೆರೆಯುವುದು ಸರಿಯಾಗಿ ನಡೆಯುವವರೆಗೂ ಅಳಿಸುವ ಬಟನ್ ಇಡಬೇಡಿ. ‘ಡಿಲೀಟ್’ ಕರೆದರೆ ಫೈಲ್ ಹೋಯಿತು ಅಂತಲೇ ಲೆಕ್ಕ, ಕಸದ ಬುಟ್ಟಿ ಅಂತ ಏನೂ ಇರುವುದಿಲ್ಲ. ಒಳಗೆ ಏನಾದರೂ ಇರುವ ಫೋಲ್ಡರನ್ನು ಅದು ಅಳಿಸುವುದಿಲ್ಲ, ‘ಫಾಲ್ಸ್’ ಅಂತ ಹೇಳಿ ಸುಮ್ಮನಾಗುತ್ತದೆ. ‘ಡಿಲೀಟ್ ರಿಕರ್ಸಿವ್ಲಿ’ ಹಾಗಲ್ಲ. ಅದು ಒಳಗಿನದೆಲ್ಲವನ್ನೂ ಗುಡಿಸಿ ಹಾಕುತ್ತದೆ, ಅದರ ತಂಟೆಗೆ ಹೋಗಬೇಡಿ.

ಬದಲಿಗೆ ಚುಕ್ಕಿಯಿಂದ ಶುರುವಾಗುವ ಹೆಸರಿನ ಒಂದು ಫೋಲ್ಡರ್ ಮಾಡಿ. ಚುಕ್ಕಿಯಿಂದ ಶುರುವಾದರೆ ಅದು ಅಡಗಿದ ಫೋಲ್ಡರ್. ಅಳಿಸು ಅಂದಾಗ ಫೈಲನ್ನು ‘ರಿನೇಮ್ ಟು’ ಮೂಲಕ ಅಲ್ಲಿಗೆ ಸಾಗಿಸಿ. ಫೋನಿನ ಮೆಮೊರಿಯೊಳಗೇ ಆದರೆ ಇದು ದೊಡ್ಡ ವಿಡಿಯೊಗೂ ತಟ್ಟನೆ ಆಗುತ್ತದೆ, ಯಾಕೆಂದರೆ ಒಳಗಿನ ಡೇಟಾ ಇದ್ದಲ್ಲೇ ಇರುತ್ತದೆ. ಮೆಮೊರಿ ಕಾರ್ಡಿನಿಂದ ಫೋನಿಗೆ ಇದು ಕೆಲಸ ಮಾಡುವುದಿಲ್ಲ, ಕಾಪಿ ಮಾಡಬೇಕು. ಕಾರ್ಡಿಗೆ ಬೇರೆಯೇ ಬುಟ್ಟಿ ಇಡುವುದು ಸುಲಭ.

ಬೇರೆಯವರಿಗೆ ಕೊಡುವುದಾದರೆ

ಪ್ಲೇ ಸ್ಟೋರ್‌ನಲ್ಲಿ ಹಾಕಲು 25 ಡಾಲರ್ ಒಂದೇ ಸಲ ಕಟ್ಟಬೇಕು. ‘ಎಲ್ಲ ಫೈಲ್’ ಅನುಮತಿ ಯಾಕೆ ಬೇಕೆಂದು ಬರೆದುಕೊಡಬೇಕು. ಫೈಲ್ ಮ್ಯಾನೇಜರ್‌ಗಳಿಗೆ ಗೂಗಲ್ ಇದನ್ನು ಒಪ್ಪುತ್ತದೆ, ಬೇರೆ ಬಗೆಯ ಆ್ಯಪ್‌ಗಳಿಗೆ ಕಷ್ಟ. ಐಫೋನ್ ಇರುವ ಗೆಳೆಯರಿಗೆ ಈ ಆ್ಯಪ್ ಸಿಗುವುದಿಲ್ಲ. ಅಲ್ಲಿ ಫೋನಿನ ಎಲ್ಲ ಫೈಲ್ ನೋಡುವ ಅನುಮತಿಯನ್ನು ಆ್ಯಪಲ್ ಯಾವ ಆ್ಯಪ್‌ಗೂ ಹೀಗೆ ಕೊಡುವುದಿಲ್ಲ.

ಮನೆಯವರಿಗೆ, ನಾಲ್ಕು ಗೆಳೆಯರಿಗೆ ಮಾತ್ರ ಅಂದರೆ ಸ್ಟೋರ್ ಬೇಕಿಲ್ಲ. ಸ್ಟುಡಿಯೋದ ಬಿಲ್ಡ್ ಮೆನುವಿನಲ್ಲಿ ಸಹಿ ಮಾಡಿದ (ನಿಮ್ಮದೇ ಎಂಬ ಡಿಜಿಟಲ್ ಗುರುತಿರುವ) ಎಪಿಕೆ, ಅಂದರೆ ಫೋನಿನಲ್ಲಿ ಹಾಕಿಕೊಳ್ಳುವ ಆ್ಯಪ್ ಫೈಲ್, ತಯಾರಿಸಿ ಕಳಿಸಿ. ಸಹಿಗೆ ಬಳಸಿದ ಕೀ ಫೈಲನ್ನೂ ಪಾಸ್‌ವರ್ಡನ್ನೂ ಒಂದು ಪೆನ್‌ಡ್ರೈವಿನಲ್ಲಿ ಜೋಪಾನವಾಗಿ ಇಡಿ. ಅದು ಕಳೆದರೆ ಮುಂದಿನ ಆವೃತ್ತಿ ಹಳೆಯದರ ಮೇಲೆ ಕೂರುವುದಿಲ್ಲ. ಎಲ್ಲರೂ ಹಳೆಯ ಆ್ಯಪ್ ತೆಗೆದು ಹೊಸದು ಹಾಕಿಕೊಂಡು, ಮತ್ತೆ ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಡಬೇಕಾಗುತ್ತದೆ.