ಕೆಂಪು ಮಣ್ಣಿನಲ್ಲಿ ಗುಳಿ ರಾಗಿ: ಗುಟ್ಟೆಲ್ಲ ಕೊರಡಿನಲ್ಲಿದೆ

ಗುಳಿ ರಾಗಿ, ಅಂದರೆ ಗುಳಿ ತೋಡಿ ರಾಗಿ ಪೈರು ನೆಡುವುದು, ಹಾವೇರಿ ಕಡೆಯ ಪದ್ಧತಿ. ತುಮಕೂರಿನ ಕೆಂಪು ಹೊಲಕ್ಕೆ, ಅದೂ ಮಳೆ ನಂಬಿದ ಬೇಸಾಯಕ್ಕೆ ಇದು ಒಗ್ಗಲ್ಲ ಅಂದವರೇ ಜಾಸ್ತಿ. ಈ ಸಲ ನನ್ನ ಹೊಲದಲ್ಲಿ ಎಕರೆಗೆ 16-17 ಕ್ವಿಂಟಾಲ್ ಬಂತು. ಪಕ್ಕದ ಕೂರಿಗೆ ಬಿತ್ತನೆ 9 ದಾಟಲಿಲ್ಲ. ನಕ್ಕವರೇ ಈಗ ಹೊಲಕ್ಕಿಳಿದು ತೆಂಡೆ (ಬುಡದಿಂದ ಒಡೆಯುವ ಕವಲು) ಎಣಿಸುತ್ತಾರೆ: ಬುಡಕ್ಕೆ 35-40, ಬದುವಿನ ಸಾಲಲ್ಲಿ 50ರ ಮೇಲೆ.

ಬೀಜ ಎಕರೆಗೆ ಅರ್ಧ ಕೆಜಿ ಸಾಕು. ಒಟ್ಲು (ಪೈರು ಬೆಳೆಸುವ ಮಡಿ) ತೆಳುವಾಗಿ ಬಿಡಬೇಕು. ಒತ್ತಾದರೆ ಪೈರು ಸಣಕಲಾಗಿ ಏಳುತ್ತದೆ. ಒಂದೂವರೆ ಅಡಿಗೆ ಉದ್ದಕ್ಕೂ ಅಡ್ಡಕ್ಕೂ ಕುಂಟೆ ಗೆರೆ, ಗೆರೆ ಕೂಡುವಲ್ಲಿ ಗುಳಿ, ಗುಳಿಗೊಂದು ಹಿಡಿ ಗೊಬ್ಬರ, 20-22 ದಿನದ ಎರಡು ಪೈರು. ಎಕರೆಗೆ 19 ಸಾವಿರ ಗುಳಿ, ಅಂದರೆ ಮೂರು ಟನ್ ಗೊಬ್ಬರ. ಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ಸಗಣಿ ಹಾಕಿದ ತುಂಡಿಗೆ ಗೆದ್ದಲು ಹತ್ತಿ ಕಾಲುಭಾಗ ಪೈರು ಹೋಯಿತು. ಡಿಎಪಿ ರಸಗೊಬ್ಬರ ಬೇರಿಗೆ ತಾಗಿದ ಕಡೆ ಮಳೆ ಒಂದು ವಾರ ಕೈಕೊಟ್ಟಿದ್ದೇ ತಡ, ಸುಟ್ಟಿತು. ಗೊಬ್ಬರದ ಜೊತೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದನ್ನು ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ, ಬರೆಯುವುದಿಲ್ಲ.

ಎಲ್ಲರೂ ಎಡವುವುದು ಕೊರಡಿನಲ್ಲಿ, ಅಂದರೆ ಪೈರಿನ ಮೇಲೆ ಮರದ ತುಂಡು ಎಳೆಯುವುದರಲ್ಲಿ. ನಾಟಿಯಾಗಿ 20-25 ದಿನಕ್ಕೆ ಮೊದಲ ಸಲ, ಹತ್ತು ದಿನ ಬಿಟ್ಟು ಮತ್ತೆ. ಬಾಗಿದ ಪೈರಿನ ಬುಡದಲ್ಲಿ ಹೊಸ ತೆಂಡೆ ಒಡೆಯುತ್ತದೆ. ಬೆಳಗ್ಗೆ ಎಳೆದರೆ ನೀರು ತುಂಬಿದ ಪೈರು ಲಟಲಟನೆ ಮುರಿಯುತ್ತದೆ. ಬಿಸಿಲೇರಿ ಬಾಡಿದ ಮೇಲೆ ಎಳೆದರೆ ಬಾಗಿ ಮತ್ತೆ ಏಳುತ್ತದೆ. ಮಣ್ಣು ಹಸಿಯಿದ್ದರೆ ಕೊರಡಿಗೆ ಅಂಟಿ ಗುಳಿಯೇ ಕಿತ್ತು ಬರುತ್ತದೆ. ಕಾಂಡಕ್ಕೆ ಗೆಣ್ಣು ಕಂಡ ಮೇಲಂತೂ ಕೊರಡು ಮುಟ್ಟಬೇಡಿ, ಮುರಿದದ್ದು ತೆನೆ ಕೊಡಲ್ಲ. ಎತ್ತಿಲ್ಲವೆಂದು ನೀರು ತುಂಬಿದ ಡ್ರಮ್ ಉರುಳಿಸಿ ನೋಡಿದ್ದಾಯಿತು. ಅದು ಪೈರನ್ನು ಮಣ್ಣಿಗೆ ಒತ್ತುತ್ತದೆ, ಎಳೆಯುವುದಿಲ್ಲ. ಐದಡಿ ಮರದ ತುಂಡಿಗೆ ಎರಡು ಹಗ್ಗ, ಇಬ್ಬರು ಆಳು: ನಿಧಾನ, ಆದರೆ ಕೆಲಸ ಆಗುತ್ತದೆ.

ತಳಿ ಮುಖ್ಯ. ಜಿಪಿಯು-28 ಬೆಂಕಿರೋಗ ತಡೆಯುತ್ತದೆ ನಿಜ, ಆದರೆ ಬೇಗ ತೆನೆಗೆ ಬರುವುದರಿಂದ ಕೊರಡಿಗೆ ಪುರುಸೊತ್ತು ಕಮ್ಮಿ. ಜುಲೈ ಮೊದಲ ವಾರ ನಾಟಿ ಆಗುವುದಾದರೆ ತಡವಾಗಿ ತೆನೆಗೆ ಬರುವ ಎಂಆರ್-6 ಹಾಕಿ. ಒಂದಡಿ ಅಂತರವೂ ಮಾಡಿದ್ದೆ. ತೆನೆ ಸಣ್ಣದಾಗಿ ಲಾಭ ಏನೂ ಹೆಚ್ಚಲಿಲ್ಲ, ಆಳಿನ ಖರ್ಚು ಮಾತ್ರ ಎರಡರಷ್ಟು.

ಖರ್ಚು ಎಕರೆಗೆ ಸುಮಾರು 20 ಸಾವಿರ: ಗೊಬ್ಬರ ಸಾಗಣೆ 7, ಗುಳಿ ಮತ್ತು ನಾಟಿ 6, ಉಳಿದದ್ದು ಕುಂಟೆ, ಕೊಯ್ಲು, ಒಕ್ಕಣೆ. ಎರಡೂ ಕಡೆ ಎಡೆಕುಂಟೆ ಓಡುವುದರಿಂದ ಕೈಕಳೆ ಹೆಚ್ಚುಕಮ್ಮಿ ಇಲ್ಲ. ಕೂರಿಗೆ ಹೊಲದಲ್ಲಿ ದುಡ್ಡು ನುಂಗುವುದೇ ಅದು. 2024-25ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 4290 ರೂಪಾಯಿ ಇತ್ತು. ಆಗ ಖರೀದಿ ಕೇಂದ್ರದಲ್ಲಿ ಎಕರೆಗೆ 10 ಕ್ವಿಂಟಾಲ್ ಮಿತಿ ಇದ್ದುದರಿಂದ ಇಳುವರಿ ಹೆಚ್ಚಿದವನಿಗೇ ಪೆಟ್ಟು: ಮಿಕ್ಕಿದ್ದು ಮಂಡಿಗೆ ಅಗ್ಗದಲ್ಲಿ ಹೋಯಿತು. ಅದನ್ನು ಸೇರಿಸಿದರೂ ಖರ್ಚು ಕಳೆಯುವ ಮೊದಲು ಎಕರೆಗೆ 60 ಸಾವಿರದ ಆಸುಪಾಸು. ಹುಲ್ಲು ಬೇರೆ.

ತಡವಾದ ತೆಂಡೆಗಳ ತೆನೆ ಹಸಿರಾಗೇ ಉಳಿಯುತ್ತದೆ. ಒಂದೇ ಕೊಯ್ಲಿಗೆ ಕಾದರೆ ಮೊದಲ ತೆನೆ ಉದುರುತ್ತದೆ. ಹಣ್ಣಾದ ತೆನೆ ಮೊದಲು ಮುರಿದುಕೊಂಡು, ಹತ್ತು ದಿನ ಬಿಟ್ಟು ಬುಡ ಕೊಯ್ಯಿರಿ.