ಎರಡನೇ ಮಹಾಯುದ್ಧದಲ್ಲಿ ತೀರಿಹೋದ ದೊಡ್ಡತಾತನ ರೆಕಾರ್ಡ್ ಹುಡುಕಿದ್ದು ಹೀಗೆ

ನಮ್ ತಾತನ ಅಣ್ಣ ಮದ್ರಾಸ್ ಸ್ಯಾಪರ್ಸಲ್ಲಿದ್ರು (ಸೇನೆಯ ಇಂಜಿನಿಯರಿಂಗ್ ಪಡೆ), ಬರ್ಮಾ ಕಡೆ ಹೋದೋರು ವಾಪಸ್ ಬರ್ಲಿಲ್ಲ, ಮನೇಲಿ ಗೊತ್ತಿದ್ದಿದ್ದು ಇಷ್ಟೇ. ಮಹಾಯುದ್ಧಗಳಲ್ಲಿ ತೀರಿಹೋದ ಸೈನಿಕರ ಸಮಾಧಿ, ಸ್ಮಾರಕಗಳ ಲೆಕ್ಕ ಇಡೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಸೈಟಲ್ಲಿ ಹೆಸರು ಹಾಕಿದ್ರೆ ಒಂದೋ ಏನೂ ಬರಲ್ಲ, ಇಲ್ಲಾ ಅದೇ ಹೆಸರಿನೋರು ರಾಶಿ ಜನ. ಸ್ಪೆಲಿಂಗ್ ಹತ್ತು ತರ ಬದಲಾಯಿಸ್ದೆ, ತಂದೆ ಹೆಸರನ್ನ ಸರ್‌ನೇಮ್ ಅಂತ ಹಾಕ್ದೆ, ಆಗ್ಲಿಲ್ಲ.

ಕೊನೆಗೆ ಹೆಸರಿನ ಬಾಕ್ಸ್ ಎಲ್ಲಾ ಖಾಲಿ ಬಿಟ್ಟೆ. ಅಡ್ವಾನ್ಸ್ಡ್ ಸರ್ಚಲ್ಲಿ ಮೊದ್ಲು ಎರಡನೇ ಮಹಾಯುದ್ಧ, ಆಮೇಲೆ ಇಂಡಿಯನ್ ಫೋರ್ಸ್, ಆಮೇಲೆ ಅಡಿಷನಲ್ ಇನ್ಫರ್ಮೇಷನ್ ಬಾಕ್ಸಲ್ಲಿ ಊರಿನ ಹೆಸರು ಮಾತ್ರ. ಯಾಕಂದ್ರೆ ಎಷ್ಟೋ ಎಂಟ್ರೀಲಿ ಇಂಥೋರ ಮಗ, ಇಂಥೋರ ಗಂಡ, ಇಂಥ ಊರು ಅಂತ ಅಲ್ಲೇ ಬರ್ದಿರ್ತಾರೆ. ಸ್ಪೆಲಿಂಗ್ ಬ್ರಿಟಿಷ್ ಕಾಲದ್ದೇ ಹಾಕ್ಬೇಕು, ಹೊಸಕೋಟೆ ಅಲ್ಲ ಹೊಸ್ಕೋಟೆ (Hoskote), ಬೆಂಗಳೂರು ಅಲ್ಲ ಬ್ಯಾಂಗಲೋರ್ (Bangalore). ಡೇಟನ್ನ 1945ಕ್ಕೆ ನಿಲ್ಲಿಸ್ಬೇಡಿ, ಅವ್ರ ಲೆಕ್ಕ 1947 ಡಿಸೆಂಬರ್ 31ರವರೆಗೂ ಇದೆ, ನಾನು ಎಡವಿದ್ದು ಇಲ್ಲೇ. ಬಂದ ಲಿಸ್ಟಲ್ಲಿ ತಂದೆ ಹೆಸರು ಹೊಂದಿಸಿ ನೋಡ್ದೆ, ಸಿಕ್ತು, ರಂಗೂನ್ ಮೆಮೋರಿಯಲ್ (ಬರ್ಮಾದಲ್ಲಿ ಸತ್ತು ಸಮಾಧಿ ಎಲ್ಲಿದೆ ಅಂತ ಗೊತ್ತಿಲ್ಲದ ಸೈನಿಕರ ಸ್ಮಾರಕ), ಸರ್ವಿಸ್ ನಂಬರ್ (ಸೈನ್ಯದಲ್ಲಿ ಅವ್ರಿಗೆ ಕೊಟ್ಟಿದ್ದ ನಂಬರ್) ಸಮೇತ. ಆ ನಂಬರ್ ಮೊದ್ಲು ಬರ್ಕೊಳ್ಳಿ. ಬದುಕಿ ವಾಪಸ್ ಬಂದೋರ ಹೆಸರು ಈ ಸೈಟಲ್ಲಿ ಇರಲ್ಲ.